ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಹೊಗೆ: ಟರ್ಬೊ ಬಿಚ್ಚುವ ಮೊದಲು

ಟರ್ಬೊ (ಎಕ್ಸಾಸ್ಟ್ ಗ್ಯಾಸ್‌ನಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ಕಳಿಸುವ ಭಾಗ) ಇರುವ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆ ಬಿಟ್ಟರೆ ಸಾಕು, ‘ಟರ್ಬೊ ಹೋಯ್ತು’ ಅನ್ನುವ ಮಾತು ಬಂದೇ ಬರುತ್ತದೆ. ನಿಜವಾಗಿ ಹೋಗಿರುವುದೂ ಉಂಟು. ಆದರೆ ಚಳಿಯಲ್ಲಿ ಮಾತ್ರ ಕಾಣುವ ಹೊಗೆಗೆ ಕಾರಣ ಬೇರೆ ಕಡೆ ಇರುವುದೇ ಜಾಸ್ತಿ. ಇನ್ನೊಂದು ವಿಷಯ. ಟರ್ಬೊದಿಂದಲೇ ಆಯಿಲ್ ಬರುತ್ತಿದ್ದರೂ ಟರ್ಬೊ ಕೆಟ್ಟಿದೆ ಎಂದೇನೂ ಅಲ್ಲ. ಆಯಿಲ್ ವಾಪಸ್ ಹೋಗುವ ದಾರಿ ಕಟ್ಟಿಕೊಂಡರೆ ಚೆನ್ನಾಗಿರುವ ಟರ್ಬೊ ಕೂಡ ಸೋರುತ್ತದೆ. ಅದನ್ನು ನೋಡದೆ ಹೊಸದು ಹಾಕಿದರೆ, ಹೊಸದೂ ಹೊಗೆ ಬಿಡುತ್ತದೆ.

ಹಾಗಾಗಿ ಇಲ್ಲಿ ಟರ್ಬೊ ಬಿಚ್ಚುವ ಮಾತು ಕೊನೆಯಲ್ಲಿ ಬರುತ್ತದೆ. ಮೊದಲು ಕಣ್ಣು, ಮೂಗು, ಗಡಿಯಾರ. ಆಮೇಲೆ ಸ್ಪ್ಯಾನರ್.

ಬಣ್ಣಕ್ಕಿಂತ ಮೊದಲು ಸಮಯ

ಹೊಗೆ ಬಿಳಿಯೋ ನೀಲಿಯೋ ಅಂತ ಎಲ್ಲರೂ ನೋಡುತ್ತಾರೆ. ಅದು ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂದು ಕೇಳಿದರೆ ಜಾಸ್ತಿ ಜನರ ಹತ್ತಿರ ಉತ್ತರ ಇರುವುದಿಲ್ಲ. ನನ್ನ ಪ್ರಕಾರ ಅರ್ಧ ಪತ್ತೆ ಇರುವುದೇ ಅಲ್ಲಿ.

ಕಾರನ್ನು ಇಡೀ ರಾತ್ರಿ ನಿಲ್ಲಿಸಿ. ಬೆಳಿಗ್ಗೆ ಬಯಲಿನಲ್ಲಿ ಸ್ಟಾರ್ಟ್ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಇನ್ನೊಬ್ಬರು ಹಿಂದೆ ನಿಂತು ಮೊಬೈಲ್‌ನಲ್ಲಿ ವಿಡಿಯೊ ತೆಗೆಯಲಿ. ಆಕ್ಸಿಲರೇಟರ್ ಮುಟ್ಟಬೇಡಿ. ಐದು ನಿಮಿಷ ಸುಮ್ನೆ ಐಡ್ಲಿಂಗ್‌ನಲ್ಲಿ ಬಿಡಿ. ಆಮೇಲೆ ನಿಧಾನವಾಗಿ ಓಡಿಸಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನಿಲ್ಲಿಸಿ, ಮತ್ತೆ ಹತ್ತು ಹದಿನೈದು ನಿಮಿಷ ಐಡ್ಲಿಂಗ್‌ನಲ್ಲಿ ಇಟ್ಟು, ಒಮ್ಮೆ ಆಕ್ಸಿಲರೇಟರ್ ಒತ್ತಿ ನೋಡಿ.

ಈಗ ವಿಡಿಯೊ ನೋಡಿ. ಸ್ಟಾರ್ಟ್ ಆದ ಕ್ಷಣವೇ ನೀಲಿ ಹೊಗೆಯ ಒಂದು ಮೋಡ ಬಂದು, ಕೆಲವೇ ಸೆಕೆಂಡುಗಳಲ್ಲಿ ನಿಂತುಹೋದರೆ, ಆಯಿಲ್ ರಾತ್ರಿಯೇ ಸಿಲಿಂಡರ್ ಒಳಗೆ ಬಂದು ಕೂತಿತ್ತು. ಸ್ಟಾರ್ಟ್ ಆದಾಗ ಏನೂ ಇಲ್ಲದೆ, ಎರಡು ಮೂರು ನಿಮಿಷ ಕಳೆದ ಮೇಲೆ ನೀಲಿ ಹೊಗೆ ಮೇಲೇಳಿದರೆ ಆಯಿಲ್ ಇರುವುದು ಸಿಲಿಂಡರ್‌ನಲ್ಲಿ ಅಲ್ಲ, ಎಕ್ಸಾಸ್ಟ್ ಪೈಪಿನಲ್ಲಿ. ಪೈಪು ಬಿಸಿಯಾಗುವ ತನಕ ಅದು ತೆಪ್ಪಗೆ ಕೂತಿರುತ್ತದೆ, ಕಾದ ಮೇಲೆ ಹೊಗೆಯಾಗುತ್ತದೆ. ಇದು ಟರ್ಬೊದ ಎಕ್ಸಾಸ್ಟ್ ಬದಿಯ ಕಡೆ ಬೆರಳು ತೋರಿಸುತ್ತದೆ. ಮೊದಲ ಕ್ಷಣದಿಂದ ಬಿಳಿ ಹೊಗೆ, ಜೊತೆಗೆ ಎಂಜಿನ್ ನಡುಗುತ್ತಾ ಒಂದು ಸಿಲಿಂಡರ್ ಬಿಟ್ಟುಬಿಟ್ಟು ಓಡುವುದು, ಸ್ವಲ್ಪ ಹೊತ್ತಾದ ಮೇಲೆ ಸರಿಹೋಗುವುದು: ಇದು ಡೀಸೆಲ್ ಆದರೆ ಸರಿಯಾಗಿ ಉರಿಯದ ಇಂಧನ ಇರಬಹುದು, ಪೆಟ್ರೋಲ್ ಆದರೆ ಎಂಜಿನ್ ತಂಪು ಮಾಡುವ ದ್ರವ, ಅಂದರೆ ಕೂಲಂಟ್ ಇರಬಹುದು. ಎಂಜಿನ್ ಬಿಸಿಯಾದ ಮೇಲೂ, ಎಳೆತ ಬಿದ್ದಾಗಲೆಲ್ಲ ಹೊಗೆ ಬಂದರೆ ಅದು ಚಳಿಯ ತೊಂದರೆಯೇ ಅಲ್ಲ. ಚಳಿಯಲ್ಲಿ ಎದ್ದು ಕಾಣುತ್ತಿದೆ ಅಷ್ಟೆ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರ. ಬೆಳಗಿನ ಓರೆ ಬಿಸಿಲಿನಲ್ಲಿ ಕಣ್ಣು ಮೋಸ ಹೋಗುತ್ತದೆ. ತೆಳು ಹೊಗೆಯ ಹಿಂದೆ ಕಪ್ಪು ಗೋಡೆಯೋ ಗಿಡವೋ ಇದ್ದರೆ ನೀಲಿಯಾಗಿ ಕಾಣುತ್ತದೆ, ಬೆಳಕು ಹಿಂದಿನಿಂದ ಬಿದ್ದರೆ ಅದೇ ಹೊಗೆ ಕಂದು ಕಾಣುತ್ತದೆ. ಸಣ್ಣ ಹನಿಗಳಾಗಿ ಬರುವ ಡೀಸೆಲ್ ಕೂಡ ಕೆಲವೊಮ್ಮೆ ನೀಲಿ ಛಾಯೆ ತೋರಿಸುತ್ತದೆ. ಅದಕ್ಕೇ ಬಣ್ಣವನ್ನು ಒಂಟಿಯಾಗಿ ನಂಬಬಾರದು. ವಾಸನೆ ನೋಡಿ, ಯಾವ ದ್ರವ ಕಡಿಮೆಯಾಗುತ್ತಿದೆ ನೋಡಿ. ಹೊಗೆಯಾಗಿ ಹೊರಗೆ ಹೋಗುತ್ತಿರುವುದು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್‌ನಲ್ಲೋ ಕೂಲಂಟ್ ಟ್ಯಾಂಕ್‌ನಲ್ಲೋ ಇಳಿಯಲೇಬೇಕು, ಅಲ್ವಾ? ಮೊದಲ ದಿನವೇ ಎರಡೂ ಮಟ್ಟಗಳ ಫೋಟೊ ತೆಗೆದಿಡಿ. ಎಂಜಿನ್ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ.

ಅದು ಹೊಗೆಯೇ ಅಲ್ಲದಿರಬಹುದು

1 ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ 1 ಲೀಟರ್ ನೀರು ಹುಟ್ಟುತ್ತದೆ. ಅದು ಆವಿಯಾಗಿ ಹೊರಗೆ ಹೋಗುತ್ತದೆ. ಎಕ್ಸಾಸ್ಟ್ ಅನಿಲ ಸುಮಾರು 50 ಡಿಗ್ರಿಗಿಂತ ಕೆಳಗೆ ಇಳಿದರೆ ಆ ಆವಿ ಹನಿಗಟ್ಟಲು ಶುರುವಾಗುತ್ತದೆ. ತಣ್ಣಗಿರುವ ಸೈಲೆನ್ಸರ್ ಒಳಗೆ ಅದೇ ಆಗುವುದು. ಪೈಪಿನ ತುದಿಯಿಂದ ನೀರು ತೊಟ್ಟಿಕ್ಕುವುದು, ಬಿಳಿ ಆವಿ ಏಳುವುದು ಆರೋಗ್ಯದ ಲಕ್ಷಣವೇ. ಟರ್ಬೊ ಕಾರಿನಲ್ಲಿ ಇದು ಸ್ವಲ್ಪ ಜಾಸ್ತಿ ಹೊತ್ತು ಇರುತ್ತದೆ. ಎಕ್ಸಾಸ್ಟ್ ಶಾಖದ ಒಂದು ಪಾಲನ್ನು ಟರ್ಬೊದ ದಪ್ಪ ಕಬ್ಬಿಣ ಮೊದಲೇ ಹೀರಿಕೊಳ್ಳುವುದರಿಂದ ಹಿಂದಿನ ಪೈಪು ಬಿಸಿಯಾಗಲು ತಡವಾಗುತ್ತದೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಓಡಿಸುವಷ್ಟು ಹೊತ್ತೂ ಆವಿ ಕಾಣಬಹುದು.

ಗುರುತಿಸುವುದು ಸುಲಭ. ಆವಿ ಪೈಪಿನಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕರಗುತ್ತದೆ. ಹೊಗೆ ಕರಗುವುದಿಲ್ಲ, ಗಾಳಿಯಲ್ಲಿ ನಿಂತು ತೇಲುತ್ತದೆ. ಪೈಪಿನ ತುದಿಗೆ ಒಂದು ಬಿಳಿ ಕಾಗದವನ್ನು ಒಂದು ನಿಮಿಷ ಹಿಡಿಯಿರಿ, ಆಮೇಲೆ ಒಣಗಲು ಬಿಡಿ. ಬರೀ ನೀರಾದರೆ ಕಲೆ ಉಳಿಯುವುದಿಲ್ಲ. ಆಯಿಲ್ ಆದರೆ ಜಿಡ್ಡಿನ ಕಲೆ ಬೆಳಕಿಗೆ ಹಿಡಿದಾಗ ಪಾರದರ್ಶಕವಾಗಿ ಕಾಣುತ್ತದೆ. ಕಪ್ಪು ಪುಡಿ ಕೂತರೆ ಮಸಿ. ಕಲೆ ಇಲ್ಲ, ವಾಸನೆ ಇಲ್ಲ, ಕೂಲಂಟ್ ಮಟ್ಟ ವಾರಗಟ್ಟಲೆ ಇಳಿದಿಲ್ಲ ಎಂದಾದರೆ ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು.

ಬಿಳಿ ಹೊಗೆ, ಸಿಹಿ ವಾಸನೆ

ಕೂಲಂಟ್ ಉರಿದರೆ ವಾಸನೆ ಸಿಹಿಯಾಗಿರುತ್ತದೆ. ಅದರಲ್ಲಿರುವ ಗ್ಲೈಕಾಲ್‌ನ ಗುಣ ಅದು. ಬೇಕೆಂದು ಮೂಗು ಹತ್ತಿರ ಒಡ್ಡಿ ಎಳೆದುಕೊಳ್ಳಬೇಡಿ, ದೂರದಿಂದಲೇ ಗೊತ್ತಾಗುತ್ತದೆ.

ಚಳಿಗೂ ಇದಕ್ಕೂ ಸಂಬಂಧ ಇದೆ. ಎಂಜಿನ್ ಆಫ್ ಮಾಡಿದ ಮೇಲೂ ಕೂಲಂಟ್ ವ್ಯವಸ್ಥೆಯಲ್ಲಿ ಒತ್ತಡ ಇನ್ನೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಹೆಡ್ ಗ್ಯಾಸ್ಕೆಟ್‌ನಲ್ಲಿ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಸಣ್ಣ ಬಿರುಕಿದ್ದರೆ ಆ ಒತ್ತಡ ಕೂಲಂಟನ್ನು ಸಿಲಿಂಡರ್ ಒಳಗೆ ತಳ್ಳುತ್ತದೆ. ಲೋಹ ತಣ್ಣಗಾಗಿ ಕುಗ್ಗಿದಾಗ ಸಂದು ಇನ್ನಷ್ಟು ಅಗಲವಾಗುತ್ತದೆ. ಬೆಳಿಗ್ಗೆ ಆ ಸಿಲಿಂಡರ್ ಒದ್ದೆ. ಎಂಜಿನ್ ನಡುಗುತ್ತದೆ, ಬಿಳಿ ಮೋಡ ಏಳುತ್ತದೆ. ಬಿಸಿಯಾದಂತೆ ಲೋಹ ಹಿಗ್ಗಿ ಸಂದು ಮುಚ್ಚಿಕೊಂಡು ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಗ್ಯಾರೇಜಿಗೆ ಒಯ್ದಾಗ ಏನೂ ಸಿಗುವುದಿಲ್ಲ. ಹಾಗಾಗಿ ಇಂಥ ಕಾರನ್ನು ಹಿಂದಿನ ಸಂಜೆಯೇ ಬಿಟ್ಟುಬರಬೇಕು.

ಒಂದು ಮಾತು ನೆನಪಿಡಿ. ಸೆಲ್ಫ್ ಹೊಡೆದಾಗ ಎಂಜಿನ್ ಗಕ್ಕನೆ ನಿಂತರೆ ಮತ್ತೆ ಹೊಡೆಯಬೇಡಿ. ಸಿಲಿಂಡರ್‌ನಲ್ಲಿ ದ್ರವ ತುಂಬಿದ್ದರೆ ಪಿಸ್ಟನ್ ಅದನ್ನು ಒತ್ತಿ ಚಿಕ್ಕದು ಮಾಡಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಪತ್ತೆ ಮಾಡುವ ಕ್ರಮ ಹೀಗೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ ರೇಡಿಯೇಟರ್‌ನ ಮೇಲಿನ ಪೈಪು ಕಲ್ಲಿನಂತೆ ಗಟ್ಟಿಯಾದರೆ ಅನುಮಾನ ಬಲವಾಗುತ್ತದೆ. ಅಷ್ಟು ಬೇಗ ಶಾಖದಿಂದ ಒತ್ತಡ ಬರುವುದಿಲ್ಲ, ಸಿಲಿಂಡರ್‌ನ ಗ್ಯಾಸ್ ನುಗ್ಗುತ್ತಿದೆ. ಟ್ಯಾಂಕ್‌ನಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತವೆಯಾ ನೋಡಿ. ಕಡೆಗೆ ರಾಸಾಯನಿಕ ಪರೀಕ್ಷೆ ಮಾಡಿಸಿ. ಟ್ಯಾಂಕ್‌ನ ಬಾಯಿಯ ಮೇಲೆ ನೀಲಿ ದ್ರವ ಇರುವ ಕೊಳವೆ ಇಟ್ಟು ಒಳಗಿನ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಕಾರ್ಬನ್ ಡಯಾಕ್ಸೈಡ್ ಇದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಕೂಲಂಟ್ ಕೊಳವೆಯೊಳಗೆ ಸೇರಿದರೆ ಪರೀಕ್ಷೆ ಕೆಟ್ಟಂತೆ. ಹಾಗಾಗಿ ಮಟ್ಟ ಸ್ವಲ್ಪ ಇಳಿಸಿ ಮಾಡಬೇಕು. ಬಿಸಿಯಾಗಿರುವಾಗ ಕ್ಯಾಪ್ ತೆಗೆಯಲೇಬಾರದು ಎಂದು ಬೇರೆ ಹೇಳಬೇಕಿಲ್ಲ.

ಇದರಲ್ಲೂ ಸಿಗದಿದ್ದರೆ ನನಗೆ ಇಷ್ಟವಾದ ಉಪಾಯ ಇದು: ಸಂಜೆ ಕೂಲಂಟ್ ವ್ಯವಸ್ಥೆಗೆ ಕೈಪಂಪ್ ಜೋಡಿಸಿ, ಕ್ಯಾಪ್ ಮೇಲೆ ಬರೆದಿರುವ ಒತ್ತಡದ ತನಕ ಏರಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಇಗ್ನಿಷನ್ ಮತ್ತು ಇಂಜೆಕ್ಟರ್‌ಗಳ ಸಂಪರ್ಕ ತಪ್ಪಿಸಿ, ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ತೆಗೆದು, ದೂರ ನಿಂತು ಸೆಲ್ಫ್ ಹೊಡೆಸಿ. ಯಾವ ತೂತಿನಿಂದ ಕೂಲಂಟ್ ಚಿಮ್ಮುತ್ತದೋ ಅದೇ ಸಿಲಿಂಡರ್. ಅಲ್ಲಿಯ ಪ್ಲಗ್ ಉಳಿದವುಗಳಿಗಿಂತ ತೊಳೆದ ಹಾಗೆ ಬೆಳ್ಳಗಿರುತ್ತದೆ. ಬೋರೋಸ್ಕೋಪ್ ಕ್ಯಾಮೆರಾ ಇಳಿಸಿದರೆ ಆ ಪಿಸ್ಟನ್‌ನ ತಲೆಯೂ ಫಳಫಳ ಹೊಳೆಯುತ್ತದೆ. ಹಬೆ ಮಸಿಯನ್ನೆಲ್ಲ ಕಿತ್ತುಹಾಕಿರುತ್ತದೆ.

ಎಲ್ಲ ಪರೀಕ್ಷೆಯಲ್ಲೂ ಹೆಡ್ ಗ್ಯಾಸ್ಕೆಟ್ ಸರಿ ಅಂತ ಬಂದು, ಕೂಲಂಟ್ ಮಾತ್ರ ಕಡಿಮೆಯಾಗುತ್ತಿದ್ದರೆ ಇನ್ನೆರಡು ಜಾಗ ಇವೆ. ಡೀಸೆಲ್ ಕಾರಿನಲ್ಲಿ ಇಜಿಆರ್ ಕೂಲರ್, ಅಂದರೆ ಎಂಜಿನ್‌ಗೆ ವಾಪಸ್ ಕಳಿಸುವ ಎಕ್ಸಾಸ್ಟ್ ಗ್ಯಾಸನ್ನು ತಂಪು ಮಾಡುವ ಭಾಗ. ಅದು ಒಳಗೇ ಸೋರಿದರೆ ಕೂಲಂಟ್ ನೇರವಾಗಿ ಇಂಟೇಕ್ (ಗಾಳಿ ಒಳಹೋಗುವ ದಾರಿ) ಅಥವಾ ಎಕ್ಸಾಸ್ಟ್‌ಗೆ ಹೋಗುತ್ತದೆ. ಎರಡನೆಯದು ನೀರಿನಿಂದ ತಂಪಾಗುವ ಟರ್ಬೊದ ಬೇರಿಂಗ್ ಹೌಸಿಂಗ್. ಅದು ಬಿರುಕು ಬಿಡುವುದು ಅಪರೂಪ. ಆದರೂ ಪಟ್ಟಿಯಿಂದ ತೆಗೆಯಬೇಡಿ.

ಆಯಿಲ್ ಹಾಕುವ ಕ್ಯಾಪ್‌ನ ಅಡಿಯಲ್ಲಿ ಕೆನೆಬಣ್ಣದ ಲೋಳೆ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್‌ಗೆ ತಪ್ಪು ಹೊರಿಸುವವರಿದ್ದಾರೆ. ಚಳಿಗಾಲದಲ್ಲಿ ಬರೀ ಸಣ್ಣ ದೂರ ಓಡಿಸುವ ಕಾರಿನಲ್ಲಿ ಆ ಲೋಳೆ ಸಹಜ. ಒಳಗಿನ ತೇವ ಆರುವಷ್ಟು ಆಯಿಲ್ ಬಿಸಿಯಾಗಿರುವುದಿಲ್ಲ. ಡಿಪ್‌ಸ್ಟಿಕ್‌ನಲ್ಲೂ ಅದೇ ಲೋಳೆ ಇದ್ದು ಕೂಲಂಟೂ ಇಳಿದಿದ್ದರೆ ಮಾತು ಬೇರೆ. ಇದೇ ತೇವ ಮುಂದೆ ಇನ್ನೊಂದು ಆಟ ಆಡುತ್ತದೆ, ನೀಲಿ ಹೊಗೆಯ ಭಾಗದಲ್ಲಿ ಬರುತ್ತದೆ.

ಡೀಸೆಲ್‌ನ ಬಿಳಿ ಹೊಗೆ

ಕಣ್ಣು ಉರಿಸುವ, ಗಂಟಲು ಹಿಡಿಯುವ, ಬೂದು ಬಿಳಿ ಹೊಗೆ ಬಂದರೆ ಅದು ಉರಿಯದ ಡೀಸೆಲ್. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಬಿಸಿ ಮಾಡಿ ಅದರಿಂದಲೇ ಇಂಧನ ಹೊತ್ತಿಸಬೇಕು. ತಣ್ಣಗಿನ ಗೋಡೆ, ತಣ್ಣಗಿನ ಗಾಳಿ, ನಿಧಾನವಾಗಿ ತಿರುಗುವ ಎಂಜಿನ್ ಮೂರೂ ಸೇರಿದರೆ ಆ ಬಿಸಿ ಸಾಲುವುದಿಲ್ಲ. ಆಗ ಸಿಲಿಂಡರ್ ಒಳಗೆ ಕಾದು ನೆರವಾಗುವ ಗ್ಲೋ ಪ್ಲಗ್ ಬೇಕು.

ನಾಲ್ಕರಲ್ಲಿ ಒಂದು ಗ್ಲೋ ಪ್ಲಗ್ ಸತ್ತರೂ ಕಾರು ಸ್ಟಾರ್ಟ್ ಆಗುತ್ತದೆ. ಆದರೆ ಒಂದು ಸಿಲಿಂಡರ್ ಕುಂಟುತ್ತದೆ, ಅದರ ಡೀಸೆಲ್ ಹಾಗೇ ಹೊರಗೆ ಬರುತ್ತದೆ. ಸ್ವಲ್ಪ ಬಿಸಿಯಾದ ಮೇಲೆ ಆ ಸಿಲಿಂಡರ್ ಸೇರಿಕೊಂಡು ಹೊಗೆ ನಿಲ್ಲುತ್ತದೆ. ಈಗಿನ ಕಾರುಗಳಲ್ಲಿ ಸ್ಟಾರ್ಟ್ ಆದ ಮೇಲೂ ಸ್ವಲ್ಪ ಹೊತ್ತು ಪ್ಲಗ್ ಉರಿಯುತ್ತಲೇ ಇರುತ್ತದೆ, ಹೊಗೆ ಕಡಿಮೆ ಮಾಡಲಿ ಎಂದೇ. ಮಲ್ಟಿಮೀಟರ್‌ನಲ್ಲಿ ಪ್ಲಗ್‌ನ ರೆಸಿಸ್ಟೆನ್ಸ್ ನೋಡಿ. ತಣ್ಣಗಿರುವಾಗ ಸಾಮಾನ್ಯವಾಗಿ ಒಂದು ಓಮ್‌ನ ಆಸುಪಾಸು ಇರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ. ಸಂಖ್ಯೆಗಿಂತ ನಾಲ್ಕೂ ಒಂದೇ ರೀತಿ ಇವೆಯೇ ಎನ್ನುವುದು ಮುಖ್ಯ. ಬ್ಯಾಟರಿಗೆ ನೇರವಾಗಿ ತಾಗಿಸಿ ಕೆಂಪಗಾಗುತ್ತದೆಯಾ ಎಂದು ನೋಡುವ ಹಳೇ ಅಭ್ಯಾಸ ಬಿಟ್ಟುಬಿಡಿ. ಈಗಿನ ಎಷ್ಟೋ ಪ್ಲಗ್‌ಗಳು 12 ವೋಲ್ಟ್‌ಗಿಂತ ಕಡಿಮೆಯಲ್ಲಿ ಕೆಲಸ ಮಾಡುತ್ತವೆ. ಪೂರ್ತಿ ಬ್ಯಾಟರಿ ವೋಲ್ಟೇಜ್ ಕೊಟ್ಟರೆ ಸುಟ್ಟುಹೋಗುತ್ತವೆ.

ಪ್ಲಗ್ ಎಲ್ಲ ಸರಿ ಇದ್ದರೆ ಅವುಗಳಿಗೆ ಕರೆಂಟ್ ಬರುತ್ತಿದೆಯಾ ನೋಡಿ, ರಿಲೇ ಮತ್ತು ಕಂಟ್ರೋಲ್ ಯೂನಿಟ್ ಕೂಡ ಕೈಕೊಡುತ್ತವೆ. ಆಮೇಲೆ ಬ್ಯಾಟರಿ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಇಳಿಯುತ್ತದೆ, ಆಯಿಲ್ ಗಟ್ಟಿಯಾಗುತ್ತದೆ. ಎರಡೂ ಸೇರಿ ಎಂಜಿನ್ ನಿಧಾನವಾಗಿ ತಿರುಗಿದರೆ ಹೊಸ ಗ್ಲೋ ಪ್ಲಗ್ ಹಾಕಿಯೂ ಹೊಗೆ ನಿಲ್ಲುವುದಿಲ್ಲ. ಇಂಜೆಕ್ಟರ್ ಅನುಮಾನ ಕೊನೆಗೆ. ರಾತ್ರಿ ತೊಟ್ಟಿಕ್ಕುವ ಇಂಜೆಕ್ಟರ್‌ನ ಸುಳಿವು ಡಿಪ್‌ಸ್ಟಿಕ್‌ನಲ್ಲೇ ಸಿಗಬಹುದು: ಆಯಿಲ್ ಮಟ್ಟ ಏರುತ್ತದೆ, ಡೀಸೆಲ್ ವಾಸನೆ ಹೊಡೆಯುತ್ತದೆ. ಡಿಪಿಎಫ್ (ಡೀಸೆಲ್ ಎಕ್ಸಾಸ್ಟ್‌ನ ಮಸಿ ಹಿಡಿಯುವ ಫಿಲ್ಟರ್) ಸ್ವಚ್ಛವಾಗುವ ಪ್ರಕ್ರಿಯೆ ಪದೇ ಪದೇ ಅರ್ಧಕ್ಕೆ ನಿಂತರೂ ಹೀಗೆಯೇ ಆಗುತ್ತದೆ. ಕಾರಣ ಎರಡರಲ್ಲಿ ಯಾವುದೇ ಇರಲಿ, ಆಯಿಲ್ ಮಟ್ಟ ಗರಿಷ್ಠ ಗುರುತು ದಾಟಿದ್ದರೆ ಕಾರು ಓಡಿಸಬೇಡಿ. ಹೆಚ್ಚಾದ ಆಯಿಲ್ ಬ್ರೀದರ್ (ಎಂಜಿನ್ ಒಳಗಿನ ಗ್ಯಾಸ್ ಹೊರಬಿಡುವ ಪೈಪು) ಮೂಲಕ ಇಂಟೇಕ್‌ಗೆ ಹೋದರೆ ಎಂಜಿನ್ ಅದನ್ನೇ ಇಂಧನ ಮಾಡಿಕೊಳ್ಳುತ್ತದೆ.

ನೀಲಿ ಹೊಗೆ: ಆಯಿಲ್ ಎಲ್ಲಿಂದ ಬಂತು

ಇಲ್ಲಿ ಅವಸರ ಮಾಡಿದರೆ ದುಡ್ಡು ಹೋಗುತ್ತದೆ. ಆಯಿಲ್ ಉರಿಯುತ್ತಿದೆ ಎನ್ನುವುದು ಖಚಿತ. ಅದು ಬರಬಹುದಾದ ದಾರಿ ನಾಲ್ಕು. ವಾಲ್ವ್ ಸೀಲ್, ಪಿಸ್ಟನ್ ರಿಂಗ್, ಬ್ರೀದರ್, ಟರ್ಬೊ.

ಟರ್ಬೊದ ಒಳಗೆ ಏನಾಗುತ್ತದೆ ಎಂದು ಮೊದಲು ತಿಳಿದರೆ ಉಳಿದದ್ದು ಸುಲಭ. ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವ, ಚಿಕ್ಕ ಟರ್ಬೊಗಳಲ್ಲಿ ಎರಡು ಲಕ್ಷವನ್ನೂ ಮೀರುವ ಶಾಫ್ಟ್ ಅದು. ಅಂಥ ವೇಗದಲ್ಲಿ ರಬ್ಬರ್ ಸೀಲ್ ಉಳಿಯುವುದಿಲ್ಲ. ಅಲ್ಲಿ ಇರುವುದು ಪಿಸ್ಟನ್ ರಿಂಗ್‌ನಂಥ ಸಣ್ಣ ಲೋಹದ ಬಳೆ. ಅದು ಆಯಿಲನ್ನು ಪೂರ್ತಿ ತಡೆಯುವುದೇ ಇಲ್ಲ. ಒಂದು ಕಡೆ ಕಂಪ್ರೆಸರ್‌ನ ಗಾಳಿ, ಇನ್ನೊಂದು ಕಡೆ ಟರ್ಬೈನ್ ತಿರುಗಿಸುವ ಎಕ್ಸಾಸ್ಟ್ ಗ್ಯಾಸ್ ಹೊರಗಿನಿಂದ ಒತ್ತುತ್ತವೆ. ಆಯಿಲ್ ಒಳಗೇ ಉಳಿಯುತ್ತದೆ. ಒಳಬಂದ ಆಯಿಲ್ ಪಂಪ್‌ನ ಒತ್ತಡದಿಂದ ಬರುತ್ತದೆ. ವಾಪಸ್ ಹೋಗುವುದು ಮಾತ್ರ ತನ್ನ ಭಾರದಿಂದಲೇ, ಇಳಿಜಾರಿನ ಒಂದು ಪೈಪಿನಲ್ಲಿ, ನೊರೆಯಾಗಿ. ಆ ಪೈಪು ಕಟ್ಟಿದರೆ, ಬಚ್ಚಲಿನ ತೂಬು ಕಟ್ಟಿದಾಗ ನೀರು ಹೊಸಿಲು ದಾಟುವ ಹಾಗೆ, ಆಯಿಲ್ ಆ ಬಳೆಗಳನ್ನು ದಾಟಿ ಹೊರಗೆ ಬರುತ್ತದೆ. ಬಳೆ ಹೊಸದಿದ್ದರೂ ಅಷ್ಟೇ.

ಐಡ್ಲಿಂಗ್‌ನಲ್ಲಿ ಹೊರಗಿನ ಒತ್ತಡ ತೀರಾ ಕಡಿಮೆ. ಸೋರಿಕೆ ಮೊದಲು ಕಾಣುವುದೇ ಆಗ. ಚಳಿಯಲ್ಲಿ ಆಯಿಲ್ ದಪ್ಪ ಇರುತ್ತದೆ, ಆ ಪೈಪಿನಲ್ಲಿ ನಿಧಾನವಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ಹೇಗೋ ಸಾಲುತ್ತಿದ್ದ ಅರ್ಧ ಕಟ್ಟಿದ ಪೈಪು ಚಳಿಯಲ್ಲಿ ಸಾಲುವುದಿಲ್ಲ. ಕಾರಿನ ಪುಸ್ತಕದಲ್ಲಿ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಎಂದಿದ್ದಾಗ ‘ದಪ್ಪ ಆಯಿಲ್ ಹಾಕಿದರೆ ಹೊಗೆ ಕಡಿಮೆಯಾಗುತ್ತೆ’ ಎಂದು 20ಡಬ್ಲ್ಯೂ-50 ಹಾಕುವವರು ಇದೇ ತೊಂದರೆಯನ್ನು ದುಡ್ಡು ಕೊಟ್ಟು ತಂದುಕೊಳ್ಳುತ್ತಾರೆ. ಡಬ್ಲ್ಯೂ ಅಕ್ಷರಕ್ಕೆ ಮೊದಲು ಬರುವ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಹರಿಯುತ್ತದೆ ಎನ್ನುವುದನ್ನು ಹೇಳುತ್ತದೆ. ಚಿಕ್ಕದಿದ್ದಷ್ಟೂ ಚಳಿಗೆ ಒಳ್ಳೆಯದು.

ಇನ್ನು ಬ್ರೀದರ್. ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗೆ ಸೋರುತ್ತದೆ. ಅದನ್ನು ಬ್ರೀದರ್ ದಾರಿಯಲ್ಲಿರುವ ಪಿಸಿವಿ ವಾಲ್ವ್ ಇಂಟೇಕ್‌ಗೆ ಕಳಿಸುತ್ತದೆ. ಆ ಗ್ಯಾಸ್‌ನಲ್ಲಿ ನೀರಾವಿ ಇದೆ. ತೀರಾ ಚಳಿ ಇರುವ ಕಡೆ ಪೈಪಿನಲ್ಲಿ ಆ ಆವಿ ಹೆಪ್ಪುಗಟ್ಟಿ ಮಂಜುಗಡ್ಡೆಯಾಗುತ್ತದೆ. ಅಷ್ಟು ಚಳಿ ಇಲ್ಲದ ಕಡೆ ಮೊದಲು ಹೇಳಿದ ಕೆನೆಬಣ್ಣದ ಲೋಳೆ ತುಂಬುತ್ತದೆ. ದಾರಿ ಮುಚ್ಚಿದರೆ ಕ್ರ್ಯಾಂಕ್‌ಕೇಸ್‌ನಲ್ಲಿ (ಎಂಜಿನ್‌ನ ಕೆಳಭಾಗ) ಒತ್ತಡ ಏರುತ್ತದೆ. ಟರ್ಬೊದಿಂದ ಇಳಿಯಬೇಕಾದ ಆಯಿಲ್‌ಗೆ ಕೆಳಗಿನಿಂದ ತಡೆ ಬೀಳುತ್ತದೆ. ಫಲ ಅದೇ, ಟರ್ಬೊ ಸೋರುತ್ತದೆ. ಕೆಲವೊಮ್ಮೆ ಡಿಪ್‌ಸ್ಟಿಕ್ ತಾನಾಗಿಯೇ ಮೇಲೆದ್ದಿರುತ್ತದೆ. ಮಧ್ಯಾಹ್ನ ಮಂಜು ಕರಗಿ ಎಲ್ಲ ಸರಿ! ಚಳಿಯಲ್ಲಿ ಮಾತ್ರ ಬರುವ ನೀಲಿ ಹೊಗೆ ಎಂದರೆ ನಾನು ಮೊದಲು ಕೈ ಹಾಕುವುದು ಈ ಪೈಪಿಗೆ. ಬಿಚ್ಚಿ, ಒಳಗೆ ನೋಡಿ, ಊದಿ ನೋಡಿ. ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ.

ಪಿಸಿವಿ ವಾಲ್ವ್‌ನ ರಬ್ಬರ್ ಪೊರೆ ಹರಿದರೆ ಪೆಟ್ರೋಲ್ ಎಂಜಿನ್‌ನಲ್ಲಿ ಉಲ್ಟಾ ಆಗುತ್ತದೆ. ಇಂಟೇಕ್‌ನ ಸೆಳೆತ ನೇರವಾಗಿ ಕ್ರ್ಯಾಂಕ್‌ಕೇಸ್‌ಗೆ ತಾಗಿ ಆಯಿಲನ್ನು ಎಳೆದುಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ ಆಯಿಲ್ ಕ್ಯಾಪ್ ತೆಗೆಯಲು ಹೋಗಿ. ಗಟ್ಟಿಯಾಗಿ ಹೀರಿ ಹಿಡಿದಿದ್ದರೆ, ಸೀಟಿಯಂಥ ಸದ್ದು ಬರುತ್ತಿದ್ದರೆ ಪೊರೆ ಹರಿದಿದೆ. ಕ್ಯಾಪ್ ಕುಣಿಯುತ್ತಾ ಗ್ಯಾಸ್ ಬುಸುಗುಟ್ಟಿದರೆ ದಾರಿ ಕಟ್ಟಿದೆ, ಇಲ್ಲವೇ ರಿಂಗ್ ಸವೆದಿದೆ. ಲಘುವಾದ ಸೆಳೆತ ಸಹಜ.

ವಾಲ್ವ್ ಸೀಲ್‌ನ ಕಥೆ ಚಿಕ್ಕದು. ಗಟ್ಟಿಯಾದ ರಬ್ಬರ್ ಸೀಲ್ ದಾಟಿ ರಾತ್ರಿಯಿಡೀ ಆಯಿಲ್ ವಾಲ್ವ್ ಕಾಂಡದ ಮೇಲೆ ಜಾರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕ್ಷಣ ಒಂದು ನೀಲಿ ಮೋಡ, ಆಮೇಲೆ ಶುಭ್ರ. ಬಹಳ ಹೊತ್ತು ಐಡ್ಲಿಂಗ್ ಆದ ಮೇಲೆ, ಅಥವಾ ಉದ್ದನೆಯ ಇಳಿಜಾರು ಮುಗಿಸಿ ಆಕ್ಸಿಲರೇಟರ್ ಒತ್ತಿದಾಗ ಮತ್ತೊಂದು ಮೋಡ. ಚಳಿಯಲ್ಲಿ ರಬ್ಬರ್ ಇನ್ನೂ ಬಿರುಸಾಗುವುದರಿಂದ ಜಾಸ್ತಿ ಕಾಣುತ್ತದೆ. ಆಯಿಲ್ ಅಷ್ಟೇನೂ ಕಡಿಮೆಯಾಗುತ್ತಿಲ್ಲ ಎಂದಾದರೆ ಇದರೊಂದಿಗೆ ಬಹಳ ದಿನ ಬದುಕಬಹುದು. ಕೆಲವು ತಯಾರಕರು 1,000 ಕಿಲೋಮೀಟರ್‌ಗೆ ಅರ್ಧ ಲೀಟರ್ ಆಯಿಲ್ ಹೋಗುವುದನ್ನೂ ಸಹಜ ಎಂದೇ ಲೆಕ್ಕ ಹಾಕುತ್ತಾರೆ.

ಈಗ ನಾಲ್ಕನ್ನೂ ಬೇರೆ ಮಾಡುವುದು. ಪೆಟ್ರೋಲ್ ಕಾರಾದರೆ ಪ್ಲಗ್‌ಗಳನ್ನು ತೆಗೆದು ಸಾಲಾಗಿ ಇಡಿ. ಒಂದೇ ಪ್ಲಗ್ ಜಿಡ್ಡಾಗಿದ್ದರೆ ಆ ಸಿಲಿಂಡರ್‌ನ ವಾಲ್ವ್ ಸೀಲ್ ಅಥವಾ ರಿಂಗ್. ಎಲ್ಲವೂ ಜಿಡ್ಡಾಗಿದ್ದರೆ ಆಯಿಲ್ ಗಾಳಿಯ ಜೊತೆ ಬರುತ್ತಿದೆ, ಅಂದರೆ ಬ್ರೀದರ್ ಅಥವಾ ಟರ್ಬೊದ ಕಂಪ್ರೆಸರ್ ಬದಿ. ಹಳೇ ಎಂಜಿನ್‌ನಲ್ಲಿ ಎಲ್ಲ ಸೀಲ್‌ಗಳೂ ಒಟ್ಟಿಗೆ ಸವೆದಿರಬಹುದು ಎನ್ನುವುದೂ ತಲೆಯಲ್ಲಿರಲಿ. ನಾಲ್ಕೂ ಪ್ಲಗ್ ಒಣಗಿ ಚೆನ್ನಾಗಿದ್ದು ಸೈಲೆನ್ಸರ್ ಮಾತ್ರ ನೀಲಿ ಹೊಗೆ ಕಾರುತ್ತಿದ್ದರೆ ಆಯಿಲ್ ಎಂಜಿನ್ ದಾಟಿದ ಮೇಲೆ ಸೇರುತ್ತಿದೆ. ಅದು ಟರ್ಬೊದ ಟರ್ಬೈನ್ ಬದಿ.

ಇದನ್ನು ಕಣ್ಣಾರೆ ನೋಡುವ ದಾರಿಯೂ ಇದೆ. ಎಂಜಿನ್ ತಣ್ಣಗಾದ ಮೇಲೆ ಟರ್ಬೊದ ಹಿಂದಿನ ಡೌನ್‌ಪೈಪ್ ಬಿಚ್ಚಿ. ಟರ್ಬೈನ್ ಹೊರಬಾಯಿ ಒದ್ದೆ ಇದ್ದು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಣಗಿದ್ದರೆ ಆಯಿಲ್ ಟರ್ಬೊದಿಂದ ಬಂದಿದೆ. ಮ್ಯಾನಿಫೋಲ್ಡ್ ಕೂಡ ಒದ್ದೆ ಇದ್ದರೆ ಎಂಜಿನ್‌ನಿಂದಲೇ ಬಂದಿದೆ, ಪಾಪ ಟರ್ಬೊ ಬರೀ ದಾರಿಯಲ್ಲಿದೆ. ಇಷ್ಟು ನೋಡದೆ ಟರ್ಬೊ ಬದಲಿಸಿ ಎನ್ನುವವರ ಮಾತಿಗೆ ಒಪ್ಪಬೇಡಿ. ಕಂಪ್ರೆಸರ್ ಬದಿಗೆ, ಟರ್ಬೊದ ಗಾಳಿ ತಂಪು ಮಾಡುವ ಇಂಟರ್‌ಕೂಲರ್‌ನ ಕೆಳಗಿನ ಪೈಪು ಬಿಚ್ಚಿ ನೋಡಿ. ತೆಳುವಾದ ಆಯಿಲ್ ಪಸೆ ಬ್ರೀದರ್‌ನಿಂದ ಬಂದದ್ದು, ಅದು ಎಲ್ಲ ಕಾರಿನಲ್ಲೂ ಇರುತ್ತದೆ. ಬಾಟಲಿಗೆ ಸುರಿಯುವಷ್ಟು ನಿಂತಿದ್ದರೆ ಮಾತ್ರ ಚಿಂತೆ. ಅದಕ್ಕೂ ಮೊದಲು ಏರ್ ಫಿಲ್ಟರ್ ನೋಡಿ. ಕಟ್ಟಿದ ಫಿಲ್ಟರ್ ಇದ್ದರೆ ಕಂಪ್ರೆಸರ್ ಗಾಳಿ ಸಿಗದೆ ಆಯಿಲನ್ನೇ ಎಳೆಯುತ್ತದೆ.

ಪೈಪು ಬಿಚ್ಚಿದ್ದಾಗಲೇ ಶಾಫ್ಟ್ ಅಲುಗಾಡಿಸಿ ನೋಡುತ್ತಾರೆ. ಇಲ್ಲಿ ಒಳ್ಳೆಯ ಟರ್ಬೊಗಳೂ ಸುಮ್ನೆ ಬಲಿಯಾಗುತ್ತವೆ. ಬುಷ್ ಬೇರಿಂಗ್ ಇರುವ ಟರ್ಬೊದಲ್ಲಿ ಶಾಫ್ಟ್ ಅಕ್ಕಪಕ್ಕಕ್ಕೆ ಸ್ವಲ್ಪ ಆಡಲೇಬೇಕು. ಓಡುವಾಗ ಆ ಜಾಗದಲ್ಲಿ ಆಯಿಲ್ ಪದರ ಇರುತ್ತದೆ, ನಿಂತಾಗ ಇರುವುದಿಲ್ಲ. ರೆಕ್ಕೆಗಳು ಹೌಸಿಂಗ್‌ಗೆ ತಾಗಬಾರದು, ತಾಗಿದ ಗೀರು ಇರಬಾರದು, ಅಷ್ಟೇ. ಮುಂದಕ್ಕೆ ಹಿಂದಕ್ಕೆ ಎಳೆದಾಗ ಮಾತ್ರ ಆಟ ಕೈಗೆ ಗೊತ್ತಾಗಬಾರದು. ಗೊತ್ತಾದರೆ ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ಬೇರಿಂಗ್ ಮುಗಿದಿದೆ.

ರಿಂಗ್ ಅನುಮಾನ ಇದ್ದರೆ ಕಂಪ್ರೆಷನ್ ಪರೀಕ್ಷೆ. ಸಿಲಿಂಡರ್‌ಗಳ ನಡುವೆ ಹೆಚ್ಚು ವ್ಯತ್ಯಾಸ ಬಂದರೆ, ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಡೀಸೆಲ್‌ಗೆ ಈ ಆಯಿಲ್ ಹಾಕುವ ಕೆಲಸ ಬೇಡ, ಅಲ್ಲಿ ಜಾಗ ಚಿಕ್ಕದು, ಒತ್ತಡ ಜಾಸ್ತಿ.

ಎಲ್ಲ ನೋಡಿ ಟರ್ಬೊ ಬದಲಿಸಲೇಬೇಕು ಎಂದಾದರೆ ಆಯಿಲ್ ಬರುವ ಪೈಪು, ಹೋಗುವ ಪೈಪು ಎರಡನ್ನೂ ಹೊಸದು ಹಾಕಿ, ಇಲ್ಲವೇ ಒಳಗೆ ಪೂರ್ತಿ ಸ್ವಚ್ಛ ಮಾಡಿಸಿ. ಗ್ಯಾಸ್ಕೆಟ್ ಜೊತೆ ಸಿಲಿಕೋನ್ ಪೇಸ್ಟ್ ಬಳಿಯಲು ಬಿಡಬೇಡಿ. ಹಿಂಡಿದ ಪೇಸ್ಟ್ ಒಳಗೆ ಇಳಿದು ಅದೇ ದಾರಿ ಕಟ್ಟುತ್ತದೆ.

ಕಪ್ಪು ಹೊಗೆ

ಇದಕ್ಕೆ ಜಾಸ್ತಿ ಹೇಳಬೇಕಿಲ್ಲ. ತಣ್ಣಗಿರುವಾಗ ಎಂಜಿನ್‌ಗೆ ಇಂಧನ ಜಾಸ್ತಿ ಕೊಡುತ್ತಾರೆ. ನೇರ ಇಂಜೆಕ್ಷನ್ ಇರುವ ಪೆಟ್ರೋಲ್ ಟರ್ಬೊಗಳಲ್ಲಿ ಮೊದಲ ಕ್ಷಣ ಸ್ವಲ್ಪ ಮಸಿ ಬರುವುದು, ಪೈಪಿನ ತುದಿ ಕಪ್ಪಾಗುವುದು ಸಹಜ. ಹೊಗೆ ನಿಲ್ಲದೆ ಬಂದರೆ ಸ್ಕ್ಯಾನರ್ ಜೋಡಿಸಿ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಸ್ಟಾರ್ಟ್ ಮಾಡುವ ಮೊದಲು, ಕೂಲಂಟ್ ತಾಪಮಾನವೂ ಇಂಟೇಕ್ ಗಾಳಿಯ ತಾಪಮಾನವೂ ಹೆಚ್ಚು ಕಡಿಮೆ ಒಂದೇ ಇರಬೇಕು. ಕೂಲಂಟ್ ಮೈನಸ್ 40 ತೋರಿಸುತ್ತಿದ್ದರೆ ಸೆನ್ಸರ್ ಅಥವಾ ಅದರ ತಂತಿ ಕಡಿದಿದೆ. ಎಂಜಿನ್ ಭಯಂಕರ ಚಳಿ ಎಂದುಕೊಂಡು ಇಂಧನ ಸುರಿಯುತ್ತಿದೆ. ಟರ್ಬೊ ಪೈಪಿನ ಸೋರಿಕೆಯಿಂದ ಬರುವ ಕಪ್ಪು ಹೊಗೆ ಸ್ಟಾರ್ಟ್ ಮಾಡಿದಾಗ ಕಾಣುವುದಿಲ್ಲ, ಎಳೆತ ಬಿದ್ದಾಗ ಕಾಣುತ್ತದೆ. ಡಿಪಿಎಫ್ ಇರುವ ಡೀಸೆಲ್ ಕಾರಿನ ಪೈಪಿನಲ್ಲಿ ಬೆರಳಿಗೆ ಕಪ್ಪು ಮಸಿ ಹತ್ತಿದರೆ ಫಿಲ್ಟರ್ ಬಿರುಕು ಬಿಟ್ಟಿರಬಹುದು, ಅಥವಾ ಯಾರೋ ಕಿತ್ತುಹಾಕಿರಬಹುದು.

ಓಡಿಸಬಾರದ ಸಂದರ್ಭ

ಡೀಸೆಲ್ ಎಂಜಿನ್ ದಟ್ಟ ಹೊಗೆ ಕಾರುತ್ತಾ ಆಕ್ಸಿಲರೇಟರ್ ಮುಟ್ಟದೆಯೇ ವೇಗ ಏರಿಸಿಕೊಂಡರೆ ಅದು ತನ್ನ ಆಯಿಲನ್ನೇ ಉರಿಸುತ್ತಿದೆ. ಕೀ ಆಫ್ ಮಾಡಿದರೂ ನಿಲ್ಲದು. ಮ್ಯಾನ್ಯುಯಲ್ ಗೇರ್ ಆದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರ್‌ಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಕೊಲ್ಲಿ. ಆಟೊಮ್ಯಾಟಿಕ್ ಆದರೆ ಗಾಳಿ ಒಳಹೋಗುವ ದಾರಿ ಮುಚ್ಚುವುದೊಂದೇ ಉಪಾಯ. ಬರಿಗೈ ಇಡಬೇಡಿ. ಅದಕ್ಕೆ ಸಿದ್ಧತೆ ಇಲ್ಲದಿದ್ದರೆ ಎಲ್ಲರೂ ದೂರ ಸರಿಯಿರಿ. ಇನ್ನು ಹೊಗೆಯ ಜೊತೆ ಟರ್ಬೊದಿಂದ ಸೈರನ್‌ನಂಥ ಸದ್ದು ಬಂದರೆ, ಆಯಿಲ್ ಒತ್ತಡದ ಕೆಂಪು ದೀಪ ಹತ್ತಿದರೆ, ಕೂಲಂಟ್ ದಿನಾ ಹಾಕಬೇಕಾಗಿ ಬಂದರೆ, ಕಾರನ್ನು ಟೋ ಮಾಡಿಸಿ.

ರಿಪೇರಿ ಆದ ಮೇಲೆ ಮೊದಲ ಕೆಲವು ದಿನ ಹೊಗೆ ಕಂಡರೆ ಗಾಬರಿ ಬೇಡ. ಸೈಲೆನ್ಸರ್ ಮತ್ತು ಇಂಟರ್‌ಕೂಲರ್‌ನಲ್ಲಿ ನಿಂತಿರುವ ಹಳೇ ಆಯಿಲ್ ಉರಿದು ಮುಗಿಯಬೇಕು. ಇಂಟರ್‌ಕೂಲರ್ ತೊಳೆಸಿಬಿಟ್ಟರೆ ಅದು ಬೇಗ ಆಗುತ್ತದೆ. ಸೈಲೆನ್ಸರ್‌ನದ್ದು ಉದ್ದ ದಾರಿಯಲ್ಲಿ ಚೆನ್ನಾಗಿ ಬಿಸಿಯಾದಾಗಲೇ ಹೋಗುವುದು. ಹೊಗೆ ದಿನದಿನಕ್ಕೆ ತೆಳುವಾಗುತ್ತಿದ್ದು, ಡಿಪ್‌ಸ್ಟಿಕ್‌ನ ಗುರುತು ಮೊದಲ ದಿನದ ಫೋಟೊದಲ್ಲಿದ್ದಲ್ಲೇ ನಿಂತಿದ್ದರೆ ಕೆಲಸ ಸರಿಯಾಗಿದೆ. ಹೊಗೆ ತೆಳುವಾಗದೆ ಆಯಿಲ್ ಇಳಿಯುತ್ತಲೇ ಇದ್ದರೆ ಬ್ರೀದರ್ ಪೈಪನ್ನು ಇನ್ನೊಮ್ಮೆ ಬಿಚ್ಚಿ.